ಕೋಶದೊಳಗೆ ಗೋಡೆಯಿಲ್ಲ, ಆದರೂ ಕೈನೇಸ್ ದಾರಿ ತಪ್ಪುವುದಿಲ್ಲ. ಹೇಗೆ?

ತುಂಗಾತೀರದ ಮೇಷ್ಟರು

ತೀರ್ಥಹಳ್ಳಿ ಕಡೆಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಇಪ್ಪತ್ತು ವರ್ಷಗಳಿಂದ ಹಲಗೆಯ ಮೇಲೆ ಒಂದೇ ಚಿತ್ರ ಬರೆಯುತ್ತಾ ಬಂದಿದ್ದೇನೆ. ಅಡ್ರಿನಲಿನ್ ಬಂದು ಕೋಶಪೊರೆಯ ಗ್ರಾಹಕದ ಮೇಲೆ ಕೂರುತ್ತದೆ, ಒಳಗೆ ಸೈಕ್ಲಿಕ್ ಎಎಂಪಿ ಎಂಬ ಪುಟ್ಟ ದೂತ ಅಣು ಹುಟ್ಟುತ್ತದೆ, ಅದು ಪ್ರೋಟೀನ್ ಕೈನೇಸ್ ಎ ಎಂಬ ಕಿಣ್ವವನ್ನು ಎಬ್ಬಿಸುತ್ತದೆ, ಎದ್ದ ಕಿಣ್ವ ಬೇರೆ ಪ್ರೋಟೀನುಗಳಿಗೆ ಫಾಸ್ಫೇಟ್ ಅಂಟಿಸುತ್ತದೆ. ಬಾಣ, ಬಾಣ, ಬಾಣ, ಕೊನೆಗೆ ಒಂದು ಅಡ್ಡಗೆರೆ.

ಮೊನ್ನೆ ಆಷಾಢದ ಮಳೆ ತಗಡಿನ ಮೇಲೆ ಹೊಡೆಯುತ್ತಿತ್ತು. ನನ್ನ ದನಿ ಮೂರನೆಯ ಬೆಂಚಿನಾಚೆ ಹೋಗುತ್ತಿರಲಿಲ್ಲ. ಗಂಟೆಯಾದ ಮೇಲೆ ಕೊನೆಯ ಬೆಂಚಿನ ಹುಡುಗಿಯೊಬ್ಬಳು ನೋಟ್‌ಬುಕ್ ಹಿಡಿದು ಬಂದಳು. ನನ್ನ ಚಿತ್ರವನ್ನೇ ಬರೆದುಕೊಂಡಿದ್ದಳು, ಆದರೆ ಕೋಶವನ್ನು ನನಗಿಂತ ದೊಡ್ಡದಾಗಿ ಬರೆದು ಒಳಗೆ ಖಾಲಿ ಬಿಟ್ಟಿದ್ದಳು. "ಸರ್, ಸೈಕ್ಲಿಕ್ ಎಎಂಪಿ ಇಷ್ಟು ಚಿಕ್ಕದು, ನೀರಿನಲ್ಲಿ ಕರಗುತ್ತದೆ, ಎಲ್ಲ ಕಡೆ ಹರಡುತ್ತದೆ. ಕೈನೇಸ್ ಸಹ ಎಲ್ಲ ಕಡೆ ತೇಲುತ್ತಿದೆ. ಹಾಗಿದ್ದರೆ ಒಮ್ಮೆ ಹೆದರಿದರೆ ಕೋಶದಲ್ಲಿರುವ ನೂರು ಕೆಲಸ ಒಟ್ಟಿಗೇ ಶುರುವಾಗಬೇಕಲ್ಲ?"

ಇದು ಪಠ್ಯಕ್ರಮದಲ್ಲಿಲ್ಲ ಎಂದುಬಿಟ್ಟೆ. ಬಸ್ಸಿನಲ್ಲಿ ಮನೆಗೆ ಬರುವಾಗ ಆ ಉತ್ತರಕ್ಕೆ ನಾಚಿಕೆಯಾಯಿತು. ತಿಳಿದವರು ಯಾರಾದರೂ ಇದ್ದರೆ ನನಗೆ ಮೊದಲು ಹೇಳಿ, ಅವಳಿಗೆ ನಾನು ಹೇಳುತ್ತೇನೆ.

ಶಂಕರಘಟ್ಟದ ಹಳೆಯ ವಿದ್ಯಾರ್ಥಿನಿ

ಮೇಷ್ಟರೇ, ನಿಮ್ಮ ಹುಡುಗಿ ಕೇಳಿದ್ದು ಸಣ್ಣ ಪ್ರಶ್ನೆಯಲ್ಲ. ವಿಜ್ಞಾನಿಗಳೇ ಅದಕ್ಕೆ ಉತ್ತರ ಹುಡುಕಲು ಹತ್ತಾರು ವರ್ಷ ತೆಗೆದುಕೊಂಡರು, ಆದ್ದರಿಂದ ನಾಚಿಕೆ ಬೇಡ. ನಾನು ಕುವೆಂಪು ವಿಶ್ವವಿದ್ಯಾಲಯದಲ್ಲಿ ಓದಿ ಈಗ ಬೆಂಗಳೂರಿನಲ್ಲಿ ಇದೇ ಕಿಣ್ವದ ಬೆನ್ನು ಹತ್ತಿ ಕೂತಿದ್ದೇನೆ. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಮೊದಲು ಇತಿಹಾಸ. ಅರ್ಲ್ ಸದರ್ಲ್ಯಾಂಡ್ 1950ರ ದಶಕದ ಕೊನೆಯಲ್ಲಿ ಯಕೃತ್ತಿನ ರಸದಲ್ಲಿ ಸೈಕ್ಲಿಕ್ ಎಎಂಪಿಯನ್ನು ಕಂಡುಹಿಡಿದರು. ಕುದಿಸಿದರೂ ಕೆಡದ ಯಾವುದೋ ಒಂದು ವಸ್ತು ಹಾರ್ಮೋನಿನ ಮಾತನ್ನು ಒಳಗೆ ಮುಟ್ಟಿಸುತ್ತಿದೆ ಎನ್ನುವುದೇ ಅವರಿಗೆ ಸಿಕ್ಕ ಸುಳಿವು. 1971ರಲ್ಲಿ ಅವರಿಗೆ ನೊಬೆಲ್ ಬಂತು. ಆ ದೂತನ ಮಾತು ಕೇಳುವ ಕೈನೇಸನ್ನು 1968ರಲ್ಲಿ ಎಡ್ವಿನ್ ಕ್ರೆಬ್ಸ್ ಅವರ ಪ್ರಯೋಗಾಲಯ ಮೊಲದ ಸ್ನಾಯುವಿನಿಂದ ಬೇರ್ಪಡಿಸಿತು. ಫಾಸ್ಫೇಟ್ ಹಚ್ಚುವುದು ಮತ್ತು ತೆಗೆಯುವುದೇ ಪ್ರೋಟೀನುಗಳ ಸ್ವಿಚ್ಚು ಎಂದು ತೋರಿಸಿದ್ದಕ್ಕೆ ಕ್ರೆಬ್ಸ್ ಮತ್ತು ಎಡ್ಮಂಡ್ ಫಿಷರ್ ಇಬ್ಬರಿಗೂ 1992ರ ನೊಬೆಲ್ ಬಂತು.

ಇಷ್ಟರಲ್ಲಿ ನಿಮ್ಮ ಹುಡುಗಿಯ ಪ್ರಶ್ನೆ ಹುಟ್ಟಿಯಾಗಿತ್ತು. 1970ರ ದಶಕದ ಕೊನೆಯಲ್ಲಿ ಲಾರೆನ್ಸ್ ಬ್ರಂಟನ್ ಮತ್ತು ಅವರ ಸಂಗಡಿಗರು ಹೃದಯದ ಮೇಲೆ ಒಂದು ಸರಳ ಪ್ರಯೋಗ ಮಾಡಿದರು. ಅಡ್ರಿನಲಿನ್ ಜಾತಿಯ ಐಸೊಪ್ರೊಟೆರಿನಾಲ್ ಕೊಟ್ಟರೆ ಸೈಕ್ಲಿಕ್ ಎಎಂಪಿ ಏರುತ್ತದೆ, ಹೃದಯ ಜೋರಾಗಿ ಹಿಂಡುತ್ತದೆ. ಪ್ರೊಸ್ಟಗ್ಲಾಂಡಿನ್ ಇ1 ಎಂಬ ಬೇರೊಂದು ವಸ್ತು ಕೊಟ್ಟರೂ ಸೈಕ್ಲಿಕ್ ಎಎಂಪಿ ಏರುತ್ತದೆ. ಆದರೆ ಹೃದಯಕ್ಕೆ ಏನೂ ಆಗುವುದಿಲ್ಲ, ತನ್ನ ಪಾಡಿಗೆ ತಾನು ಮಿಡಿಯುತ್ತಿರುತ್ತದೆ! ಒಂದೇ ದೂತ, ಒಂದೇ ಕೈನೇಸ್, ಒಂದು ಕಡೆ ಕೆಲಸ, ಇನ್ನೊಂದು ಕಡೆ ಮೌನ. ಅಳೆದು ನೋಡಿದಾಗ, ಮೊದಲನೆಯ ಔಷಧ ಕೋಶದ ಗಟ್ಟಿ ಭಾಗಗಳಿಗೆ ಅಂಟಿಕೊಂಡ ಕೈನೇಸನ್ನೂ ಎಬ್ಬಿಸುತ್ತಿತ್ತು, ಎರಡನೆಯದು ಬರೀ ರಸದಲ್ಲಿ ತೇಲುವ ಕೈನೇಸನ್ನು ಎಬ್ಬಿಸುತ್ತಿತ್ತು.

ಅಂದರೆ ಕೈನೇಸಿನ ಒಂದು ದೊಡ್ಡ ಪಾಲು ತೇಲುವುದೇ ಇಲ್ಲ. ಅದನ್ನು ಕಟ್ಟಿಹಾಕಲಾಗಿದೆ. ಕಟ್ಟುವ ಪ್ರೋಟೀನುಗಳಿಗೆ ಎ-ಕೈನೇಸ್ ಆಂಕರಿಂಗ್ ಪ್ರೋಟೀನ್ ಎಂದು ಹೆಸರು, ಚಿಕ್ಕದಾಗಿ ಎ-ಕ್ಯಾಪ್. ಮನುಷ್ಯನಲ್ಲಿ ಇಂಥವು ಸುಮಾರು 50 ಇವೆ. ಒಂದು ಕೋಶಪೊರೆಯಲ್ಲಿ ಕೂತಿದ್ದರೆ ಇನ್ನೊಂದು ಮೈಟೊಕಾಂಡ್ರಿಯದ ಹೊರಮೈಯಲ್ಲಿ, ಮತ್ತೊಂದು ಕೋಶಕೇಂದ್ರದ ಹೊದಿಕೆಯಲ್ಲಿ. ವೀರ್ಯಾಣುವಿನ ಬಾಲದಲ್ಲಿಯೂ ಒಂದಿದೆ. ಅದಿಲ್ಲದ ಇಲಿಯ ವೀರ್ಯಾಣು ಈಜಲಾರದು.

ಪದಪರೀಕ್ಷಕ

ವಿವರಣೆ ಚೆನ್ನಾಗಿದೆ. ಆದರೆ ಆಂಕರಿಂಗ್ ಪ್ರೋಟೀನ್ ಎಂದು ಹಾಗೆಯೇ ಬಿಡುವುದು ಸರಿಯೇ? "ಲಂಗರು ಪ್ರೋಟೀನ್" ಎನ್ನಬಹುದಲ್ಲ.

ಸಾಗರದ ತೋಟಿಗ

ಮಲೆನಾಡಿನವರಿಗೆ ಲಂಗರು ಎಲ್ಲಿಂದ ತರುತ್ತೀರಿ ಮಾರಾಯರೇ? ಸಿಗಂದೂರಿಗೆ ಲಾಂಚಿನಲ್ಲಿ ಹೋಗುವಾಗಲೂ ನಾನು ಲಂಗರು ನೋಡಿದವನಲ್ಲ, ಈಗಂತೂ ಸೇತುವೆಯೇ ಆಗಿದೆ. ನಮಗೆ ಗೊತ್ತಿರುವುದು ಗೂಟ. ದನವನ್ನು ಗೂಟಕ್ಕೆ ಕಟ್ಟಿದರೆ ಹಗ್ಗದ ಉದ್ದದಷ್ಟು ಸುತ್ತಿನಲ್ಲಿ ಮಾತ್ರ ಮೇಯುತ್ತದೆ, ಪಕ್ಕದವರ ಗದ್ದೆಗೆ ಬಾಯಿ ಹಾಕುವುದಿಲ್ಲ. ಆ ಅಕ್ಕ ಹೇಳುತ್ತಿರುವುದೂ ಇದೇ ಅಲ್ಲವೇ?

ಪದಪರೀಕ್ಷಕ

ಗೂಟ ಎಂದರೆ ಗಂಭೀರವಾಗಿ ಕೇಳಿಸುವುದಿಲ್ಲ.

ಸಾಗರದ ತೋಟಿಗ

ಗೂಟದಷ್ಟು ಗಂಭೀರವಾದದ್ದು ಕೊಟ್ಟಿಗೆಯಲ್ಲಿ ಇನ್ನೊಂದಿಲ್ಲ.

ಶಂಕರಘಟ್ಟದ ಹಳೆಯ ವಿದ್ಯಾರ್ಥಿನಿ

ನನಗೆ ಗೂಟ ಇಷ್ಟವಾಯಿತು. ಹಗ್ಗ ಕಟ್ಟುವ ಗಂಟನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಈ ಕಥೆಯಲ್ಲಿ ನನಗೆ ಅತಿ ಚೆಂದ ಕಾಣುವುದು ಅದೇ.

ಸುಮ್ಮನಿರುವ ಪ್ರೋಟೀನ್ ಕೈನೇಸ್ ಎಯಲ್ಲಿ ನಾಲ್ಕು ತುಂಡುಗಳಿವೆ. ಎರಡು ಕೆಲಸ ಮಾಡುವ ತುಂಡು, ಎರಡು ಅವುಗಳ ಬಾಯಿ ಮುಚ್ಚಿ ಹಿಡಿದ ಕಾವಲು ತುಂಡು. ಒಂದೊಂದು ಕಾವಲು ತುಂಡಿಗೆ ಎರಡೆರಡರಂತೆ ಸೈಕ್ಲಿಕ್ ಎಎಂಪಿ ಕೂತಾಗ ಹಿಡಿತ ಸಡಿಲುತ್ತದೆ. ಈ ಎರಡು ಕಾವಲು ತುಂಡುಗಳ ತುದಿಗಳು ಒಂದನ್ನೊಂದು ತಬ್ಬಿಕೊಂಡು ನಾಲ್ಕು ಸುರುಳಿಗಳ ಒಂದು ಚಿಕ್ಕ ಕಟ್ಟಾಗುತ್ತವೆ. ಆ ಕಟ್ಟಿನ ಬೆನ್ನಿನ ಮೇಲೆ ನೀರನ್ನು ಒಲ್ಲದ ಒಂದು ಸಣ್ಣ ಕಣಿವೆ ಇದೆ. ಎ-ಕ್ಯಾಪ್‌ಗಳು ಒಂದಕ್ಕೊಂದು ನೆಂಟರಲ್ಲ, ಅವುಗಳ ಗಾತ್ರ ಬೇರೆ, ಆಕಾರ ಬೇರೆ. ಆದರೆ ಎಲ್ಲದರ ಮೈಯಲ್ಲೂ ಎಲ್ಲೋ ಒಂದು ಕಡೆ ಹದಿನೈದು-ಹದಿನೆಂಟು ಅಮೈನೋ ಆಮ್ಲಗಳ ಒಂದು ಸುರುಳಿ ಇರುತ್ತದೆ. ಅದರ ಒಂದು ಮಗ್ಗುಲು ಎಣ್ಣೆಯ ಸ್ವಭಾವದ್ದು, ಇನ್ನೊಂದು ಮಗ್ಗುಲು ನೀರಿನ ಸ್ವಭಾವದ್ದು. ಎಣ್ಣೆಯ ಮಗ್ಗುಲು ಕಣಿವೆಯಲ್ಲಿ ಹೋಗಿ ಕೂರುತ್ತದೆ. ಗಂಟು ಎಂದರೆ ಇಷ್ಟೇ. 1991ರಲ್ಲಿ ಜಾನ್ ಸ್ಕಾಟ್ ಅವರ ಗುಂಪು ಇದನ್ನು ಗುರುತಿಸಿತು.

ಸುರುಳಿಯ ನಡುವೆ ಒಂದು ಪ್ರೋಲೀನ್ ಸೇರಿಸಿ ನೋಡಿ, ಸುರುಳಿ ಮುರಿಯುತ್ತದೆ, ಗಂಟು ಬಿಚ್ಚುತ್ತದೆ. ಒಂದೇ ಒಂದು ಅಮೈನೋ ಆಮ್ಲ!

ಉಂಬಳ

ಉಂಬಳವೆಂದರೆ ಜಿಗಣೆ, ಹೆಸರಿಗೆ ತಕ್ಕಂತೆ ಕಚ್ಚಿಕೊಳ್ಳುತ್ತೇನೆ, ಬೇಸರ ಬೇಡ. ಅಂಟಿಕೊಂಡಿದೆ ಎಂದರೆ ಅದರಿಂದ ಉಪಯೋಗವಿದೆ ಎಂದು ಅರ್ಥವಲ್ಲ. ಪ್ರೋಟೀನುಗಳು ಜಿಗುಟು. ಪ್ರಯೋಗಾಲಯದಲ್ಲಿ ಜಜ್ಜಿ ರಸ ತೆಗೆದರೆ ಯಾವುದು ಯಾವುದಕ್ಕಾದರೂ ಅಂಟಬಹುದು. ಬದುಕಿರುವ ಕೋಶದಲ್ಲಿ ಗಂಟು ಬಿಚ್ಚಿದರೆ ಏನಾದರೂ ಕೆಡುತ್ತದೆ ಎಂದು ಯಾರಾದರೂ ತೋರಿಸಿದ್ದಾರೆಯೇ?

ಶಂಕರಘಟ್ಟದ ಹಳೆಯ ವಿದ್ಯಾರ್ಥಿನಿ

ಕಚ್ಚಬೇಕಾದ ಜಾಗದಲ್ಲೇ ಕಚ್ಚಿದ್ದೀರಿ.

ಆರಂಭದಲ್ಲಿ ಇದ್ದ ಸಾಕ್ಷ್ಯ ನೀವು ಹೇಳಿದಂಥದ್ದೇ. ಮಿದುಳಿನಿಂದ ಸೂಕ್ಷ್ಮನಾಳಿಕೆಗಳನ್ನು ಶುದ್ಧಮಾಡಿ ತೆಗೆದರೆ ಕೈನೇಸೂ ಜೊತೆಗೇ ಬರುತ್ತಿತ್ತು, ಎಂಎಪಿ-2 ಎಂಬ ಪ್ರೋಟೀನು ಅದನ್ನು ಹಿಡಿದುಕೊಂಡಿದೆ ಎಂದು 1982ರಲ್ಲಿ ಗೊತ್ತಾಯಿತು. ಆಮೇಲೆ ಜನ ಒಂದು ಉಪಾಯ ಹೂಡಿದರು. ಕೋಶದ ಪ್ರೋಟೀನುಗಳನ್ನು ಜೆಲ್‌ನಲ್ಲಿ ಗಾತ್ರದ ಪ್ರಕಾರ ಸಾಲಾಗಿ ಓಡಿಸಿ, ಆ ಸಾಲನ್ನು ಒಂದು ತೆಳು ಹಾಳೆಯ ಮೇಲೆ ಇಳಿಸಿ, ವಿಕಿರಣದ ಗುರುತು ಹಾಕಿದ ಕಾವಲು ತುಂಡನ್ನು ಆ ಹಾಳೆಯ ಮೇಲೆ ಸುರಿಯುವುದು. ಎಲ್ಲೆಲ್ಲಿ ಅಂಟಿತೋ ಅಲ್ಲಿ ಫಿಲ್ಮಿನಲ್ಲಿ ಕಪ್ಪು ಪಟ್ಟಿ. ನಾನೂ ಇದರ ಒಂದು ರೂಪವನ್ನು ಮಾಡಿದ್ದೇನೆ, ವಿಕಿರಣವಿಲ್ಲದ್ದು. ಹಾಳೆಯನ್ನು ಹಾಲಿನ ಪುಡಿ ಕದಡಿದ ನೀರಿನಲ್ಲಿ ಮೊದಲು ನೆನೆಸುತ್ತೇವೆ, ಖಾಲಿ ಜಾಗವನ್ನೆಲ್ಲ ಹಾಲಿನ ಪ್ರೋಟೀನು ತುಂಬಿಕೊಳ್ಳಲಿ ಎಂದು. ಒಮ್ಮೆ ಆ ಪುಡಿ ಮುಗಿದು, ರಾತ್ರಿ ಹನ್ನೊಂದಕ್ಕೆ ಹಾಸ್ಟೆಲ್ ಕ್ಯಾಂಟೀನಿನಿಂದ ಚಹಾಕ್ಕೆ ಇಟ್ಟಿದ್ದ ಹಾಲಿನ ಪುಡಿ ತಂದು ಹಾಕಿದ್ದೆ. ಅದರಲ್ಲಿ ಸಕ್ಕರೆ ಬೆರೆಸಿತ್ತೋ ಏನೋ, ಹಾಳೆಯ ತುಂಬ ಮೋಡ ಕವಿದಂತಾಯಿತು. ಮರುದಿನ ಎಲ್ಲ ಮೊದಲಿನಿಂದ.

ಹೆಸರುಗಳೂ ಆ ಹಾಳೆಯಿಂದಲೇ ಬಂದವು. ಎ-ಕ್ಯಾಪ್79 ಎಂದರೆ 79 ಕಿಲೊಡಾಲ್ಟನ್ ತೂಕದ ಪಟ್ಟಿಯಲ್ಲಿ ಕಂಡದ್ದು. ಇಲಿಯಲ್ಲಿ ಅದರ ಸೋದರ 150ರ ಹತ್ತಿರ ಕಂಡದ್ದರಿಂದ ಎ-ಕ್ಯಾಪ್150. ಒಂದೇ ಕೆಲಸದ ಪ್ರೋಟೀನಿಗೆ ಎರಡು ಹೆಸರು, ಹೊಸಬರಿಗೆ ತಲೆನೋವು.

ಈಗ ನಿಮ್ಮ ಪ್ರಶ್ನೆ. ಆ ಸುರುಳಿಯನ್ನೇ ಪ್ರತ್ಯೇಕವಾಗಿ ತಯಾರಿಸಿ ಕೋಶದೊಳಗೆ ತುಂಬಿದರೆ ಕೈನೇಸ್ ಅದನ್ನೇ ಗೂಟವೆಂದು ಹಿಡಿದುಕೊಂಡು ನಿಜವಾದ ಗೂಟವನ್ನು ಬಿಡುತ್ತದೆ. 1994ರಲ್ಲಿ ಮಿದುಳಿನ ಹಿಪೊಕ್ಯಾಂಪಸ್ ಭಾಗದ ನರಕೋಶಗಳಲ್ಲಿ ಇದನ್ನು ಮಾಡಿದರು. ಅಲ್ಲಿ ಗ್ಲುಟಮೇಟ್ ಗ್ರಾಹಕಗಳ ವಿದ್ಯುತ್ ಪ್ರವಾಹ ಕುಂದದಂತೆ ಕೈನೇಸ್ ನೋಡಿಕೊಳ್ಳುತ್ತದೆ. ಸುರುಳಿ ಹಾಕಿದಾಗ ಪ್ರವಾಹ ಇಳಿಯಿತು. ಪ್ರೋಲೀನ್ ಸೇರಿಸಿ ಮುರಿದ ಸುರುಳಿ ಹಾಕಿದಾಗ ಇಳಿಯಲಿಲ್ಲ. ಕೈನೇಸಿನ ಪ್ರಮಾಣ ಕಡಿಮೆಯಾಗಿರಲಿಲ್ಲ, ಅದು ಸತ್ತಿರಲಿಲ್ಲ, ಬರೀ ಜಾಗ ಬಿಟ್ಟಿತ್ತು.

ಉಂಬಳ

ಮುರಿದ ಸುರುಳಿಯನ್ನೂ ಹಾಕಿ ನೋಡಿದ್ದಾರೆ ಎಂದರೆ ಒಪ್ಪಬೇಕಾದ್ದೇ. ಒಂದು ಕಡೆ ಬಿಟ್ಟೆ. ಇನ್ನೊಂದು ಕಡೆ ಹಿಡಿಯುತ್ತೇನೆ: ಗೂಟ ಕೈನೇಸನ್ನು ಹಿಡಿದಿದೆ ಸರಿ, ಸೈಕ್ಲಿಕ್ ಎಎಂಪಿಯನ್ನು ಹಿಡಿದಿಲ್ಲವಲ್ಲ. ಅದು ಎಲ್ಲ ಗೂಟಗಳಿಗೂ ಒಟ್ಟಿಗೇ ತಲುಪಿದರೆ ಎಲ್ಲ ದನಗಳೂ ಒಟ್ಟಿಗೇ ಎದ್ದು ಮೇಯುತ್ತವೆ. ಹುಡುಗಿಯ ಪ್ರಶ್ನೆ ಇನ್ನೂ ಅಲ್ಲೇ ಇದೆ.

ತುಂಗಾತೀರದ ಮೇಷ್ಟರು

ಇದನ್ನೇ ನಾನೂ ಕೇಳಬೇಕೆಂದಿದ್ದೆ. ಅವಳೂ ಖಂಡಿತ ಕೇಳುತ್ತಾಳೆ.

ಶಂಕರಘಟ್ಟದ ಹಳೆಯ ವಿದ್ಯಾರ್ಥಿನಿ

ಇದಕ್ಕೆ ಅಡಿಕೆ ತೋಟವೇ ಬೇಕು. ತೋಟಿಗರೇ, ತಪ್ಪಿದ್ದರೆ ತಿದ್ದಿ.

ಮಳೆ ಇಡೀ ತೋಟದ ಮೇಲೆ ಒಂದೇ ಸಮ ಬೀಳುತ್ತದೆ. ಆದರೂ ಬಸಿಗಾಲುವೆ ಆಳವಾಗಿರುವ ಕಡೆ ಮರದ ಬುಡ ನೀರಿನಲ್ಲಿ ನಿಲ್ಲುವುದಿಲ್ಲ, ಕಾಲುವೆ ಹೂತಿರುವ ಕಡೆ ಬುಡ ಕೊಳೆಯುತ್ತದೆ. ಕೋಶದಲ್ಲಿ ಆ ಬಸಿಗಾಲುವೆಯ ಹೆಸರು ಫಾಸ್ಫೋಡೈಎಸ್ಟರೇಸ್. ಸೈಕ್ಲಿಕ್ ಎಎಂಪಿಯನ್ನು ಕತ್ತರಿಸಿ ನಿಷ್ಪ್ರಯೋಜಕ ಮಾಡುವ ಕಿಣ್ವ ಅದು. ಎ-ಕ್ಯಾಪ್‌ಗಳ ನಿಜವಾದ ಜಾಣತನ ಇಲ್ಲಿದೆ, ಅವು ಕೈನೇಸಿನ ಪಕ್ಕದಲ್ಲೇ ಈ ಕಾಲುವೆಯನ್ನೂ ತೋಡಿಕೊಂಡಿರುತ್ತವೆ. ಹೃದಯದ ಸ್ನಾಯುಕೋಶದಲ್ಲಿ ಕೋಶಕೇಂದ್ರದ ಹೊದಿಕೆಯ ಮೇಲೆ ಎಂ-ಎಕ್ಯಾಪ್ ಎಂಬ ಗೂಟ ಕೂತಿದೆ. ಅದು ಒಂದು ಕೈಯಲ್ಲಿ ಕೈನೇಸನ್ನೂ ಇನ್ನೊಂದು ಕೈಯಲ್ಲಿ ಪಿಡಿಇ4ಡಿ3 ಎಂಬ ಫಾಸ್ಫೋಡೈಎಸ್ಟರೇಸನ್ನೂ ಹಿಡಿದಿರುವುದನ್ನು 2001ರಲ್ಲಿ ತೋರಿಸಿದರು. ಸಣ್ಣ ತುಂತುರಿಗೆ ಕೈನೇಸ್ ಏಳುವುದಿಲ್ಲ, ಕಾಲುವೆ ಎಳೆದುಕೊಂಡುಬಿಡುತ್ತದೆ. ದೊಡ್ಡ ಮಳೆ ಬಂದಾಗ ಕಾಲುವೆ ತುಂಬಿ ಕೈನೇಸ್ ಏಳುತ್ತದೆ. ಎದ್ದ ಕೈನೇಸ್ ಮಾಡುವ ಕೆಲಸಗಳಲ್ಲಿ ಒಂದು ಏನು ಗೊತ್ತೇ? ಪಕ್ಕದ ಆ ಫಾಸ್ಫೋಡೈಎಸ್ಟರೇಸಿಗೇ ಫಾಸ್ಫೇಟ್ ಹಚ್ಚುವುದು. ಹಚ್ಚಿಸಿಕೊಂಡ ಕಾಲುವೆ ಎರಡು-ಮೂರು ಪಟ್ಟು ಬಿರುಸಾಗಿ ಬಸಿಯುತ್ತದೆ. ಕೈನೇಸ್ ತನ್ನನ್ನು ತಾನೇ ಮಲಗಿಸಿಕೊಳ್ಳುತ್ತದೆ.

ಕಣ್ಣಿಗೆ ಕಾಣುವ ಪುರಾವೆಯೂ ಇದೆ. 2002ರಲ್ಲಿ ಮ್ಯಾನುಯೆಲಾ ಝಾಕೊಲೊ ಮತ್ತು ಟುಲಿಯೊ ಪೊಝಾನ್ ಅವರು ಎಳೆಯ ಇಲಿಯ ಹೃದಯಕೋಶದಲ್ಲಿ ಸೈಕ್ಲಿಕ್ ಎಎಂಪಿ ಕೂತಾಗ ಬಣ್ಣ ಬದಲಿಸುವ ಪ್ರೋಟೀನನ್ನು ಇಟ್ಟು ನೋಡಿದರು. ಅಡ್ರಿನಲಿನ್ ಗುಂಪಿನ ಹಾರ್ಮೋನು ಕೊಟ್ಟಾಗ ಇಡೀ ಕೋಶ ಬಣ್ಣ ಬದಲಿಸಲಿಲ್ಲ, ಪಟ್ಟೆ ಪಟ್ಟೆಯಾಗಿ ಕೆಲವೇ ಕಡೆ ಬದಲಿಸಿತು. ಫಾಸ್ಫೋಡೈಎಸ್ಟರೇಸನ್ನು ಔಷಧದಿಂದ ಕಟ್ಟಿದಾಗ ಪಟ್ಟೆಗಳು ಅಳಿಸಿ ಎಲ್ಲ ಒಂದಾಯಿತು.

ಸಾಗರದ ತೋಟಿಗ

ತಿದ್ದುವುದೇನೂ ಇಲ್ಲ. ಬಸಿಗಾಲುವೆಯ ಹೂಳು ತೆಗೆಯದೆ ಗೊಬ್ಬರಕ್ಕೆ ಸಾವಿರಾರು ಸುರಿಯುವವರು ನಮ್ಮೂರಲ್ಲೂ ಇದ್ದಾರೆ. ಒಂದು ಅನುಮಾನ: ಕಾಫಿಯೂ ಈ ಕಾಲುವೆಯನ್ನು ಮುಚ್ಚುತ್ತದೆ ಎಂದು ಎಲ್ಲೋ ಓದಿದ ನೆನಪು. ಬೆಳಿಗ್ಗೆಯ ಎರಡು ಲೋಟ ಬಿಡಬೇಕೇ?

ಎದೆಬಡಿತ

ಶಿವಮೊಗ್ಗದಲ್ಲಿ ಹೃದ್ರೋಗ ವೈದ್ಯ. ಬಿಡಬೇಡಿ. ಕೆಫೀನ್ ಫಾಸ್ಫೋಡೈಎಸ್ಟರೇಸನ್ನು ತಡೆಯುತ್ತದೆ ಎನ್ನುವುದು ನಿಜ, ಆದರೆ ಅದಕ್ಕೆ ಬೇಕಾದ ಪ್ರಮಾಣ ಎರಡು ಲೋಟ ಕಾಫಿಯಿಂದ ರಕ್ತದಲ್ಲಿ ಸಿಗುವುದಕ್ಕಿಂತ ಎಷ್ಟೋ ಹೆಚ್ಚು. ನಿಮ್ಮನ್ನು ಎಚ್ಚರವಿಡುವುದು ಅಡೆನೊಸಿನ್ ಗ್ರಾಹಕಕ್ಕೆ ಅದು ಅಡ್ಡ ಕೂರುವುದರಿಂದ.

ಈ ಚರ್ಚೆ ಓದುತ್ತಾ ನನಗೆ ನೆನಪಾದದ್ದು ಬೇರೆ. ದೀರ್ಘ ಕ್ಯೂಟಿ ಎಂಬ ಒಂದು ಹುಟ್ಟು ತೊಂದರೆ ಇದೆ. ಇಸಿಜಿಯಲ್ಲಿ ಒಂದು ಅಂತರ ಉದ್ದವಾಗಿರುತ್ತದೆ, ಮಗು ನೋಡಲು ಆರೋಗ್ಯವಾಗಿಯೇ ಇರುತ್ತದೆ. ಅದರಲ್ಲಿ ಒಂದು ಬಗೆಯವರು ಓಡುವಾಗ, ಅದರಲ್ಲೂ ಈಜುವಾಗ, ಇದ್ದಕ್ಕಿದ್ದಂತೆ ಪ್ರಜ್ಞೆ ತಪ್ಪುತ್ತಾರೆ. ನಮ್ಮ ಕಡೆ ಹೊಳೆ, ಕೆರೆ ಎಲ್ಲ ಕಡೆ. ಈಜುವಾಗ ಮುಳುಗಿದ ಎಂದು ಹೇಳುವ ಕಥೆಗಳಲ್ಲಿ ಕೆಲವಾದರೂ ಇಂಥವು ಇರಬಹುದೇ ಎಂದು ಪ್ರತಿ ಬೇಸಿಗೆಯಲ್ಲೂ ಅನ್ನಿಸುತ್ತದೆ.

ಒಳಗೆ ನಡೆಯುವುದು ಹೀಗೆ. ಹೃದಯ ವೇಗವಾಗಿ ಬಡಿಯಬೇಕಾದರೆ ಪ್ರತಿ ಬಡಿತದ ಕೊನೆಯಲ್ಲಿ ಕೋಶದ ವಿದ್ಯುತ್ ಸ್ಥಿತಿ ಬೇಗ ಮೊದಲಿನಂತಾಗಬೇಕು. ಅದಕ್ಕೆ ಕೆಸಿಎನ್‌ಕ್ಯೂ1 ಎಂಬ ಪೊಟ್ಯಾಸಿಯಂ ಬಾಗಿಲು ಹೆಚ್ಚು ತೆರೆಯಬೇಕು. ಅಡ್ರಿನಲಿನ್ ಬಂದಾಗ ಕೈನೇಸ್ ಆ ಬಾಗಿಲಿಗೆ ಫಾಸ್ಫೇಟ್ ಹಚ್ಚಿ ತೆರೆಸುತ್ತದೆ. ಕೈನೇಸನ್ನು ಬಾಗಿಲ ಬಳಿ ನಿಲ್ಲಿಸಿರುವುದು ಯೊಟಿಯಾವೊ ಎಂಬ ಎ-ಕ್ಯಾಪ್, ಫಾಸ್ಫೇಟನ್ನು ಮತ್ತೆ ತೆಗೆಯುವ ಫಾಸ್ಫಟೇಸನ್ನೂ ಅದೇ ಹಿಡಿದಿದೆ. ಫಿನ್ಲೆಂಡಿನ ಕುಟುಂಬಗಳಲ್ಲಿ ಕಂಡ ಒಂದು ಜೀನ್ ಬದಲಾವಣೆ ಬಾಗಿಲಿನಲ್ಲಿ ಯೊಟಿಯಾವೊ ಹಿಡಿಯುವ ಜಾಗವನ್ನೇ ಕೆಡಿಸುತ್ತದೆ. ಬಾಗಿಲೂ ಇದೆ, ಕೈನೇಸೂ ಇದೆ, ಎರಡೂ ಪರಸ್ಪರ ಸಿಗುವುದಿಲ್ಲ. 2002ರಲ್ಲಿ ಇದು ಪ್ರಕಟವಾದಾಗ ನಾನು ಎಂಬಿಬಿಎಸ್ ಓದುತ್ತಿದ್ದೆ. ಫಾರ್ಮಕಾಲಜಿ ತರಗತಿಯಲ್ಲಿ ನಮಗೂ ಮೇಷ್ಟರ ಬಾಣದ ಚಿತ್ರವನ್ನೇ ಹೇಳಿಕೊಟ್ಟಿದ್ದರು.

ಹೊಸನಗರದ ತಾಯಿ

ಡಾಕ್ಟರೇ, ನನ್ನ ಮಗ ಶಾಲೆಯ ಓಟದಲ್ಲಿ ಒಮ್ಮೆ ತಲೆಸುತ್ತಿ ಕೂತಿದ್ದ. ನೀವು ಹೇಳಿದ ಈ ಯೊಟಿಯಾವೊ ಜೀನ್ ಪರೀಕ್ಷೆ ಮಾಡಿಸಬೇಕೇ? ರಾತ್ರಿ ಓದಿ ನಿದ್ದೆ ಬರಲಿಲ್ಲ.

ಎದೆಬಡಿತ

ಹೆದರಿಸಿದ್ದಕ್ಕೆ ಕ್ಷಮಿಸಿ ತಾಯಿ. ತಲೆಸುತ್ತಿ ಕೂರಲು ಹಸಿವು, ಬಿಸಿಲು, ನೀರು ಕುಡಿಯದಿರುವುದು ಹೀಗೆ ನೂರು ಕಾರಣ. ಮೊದಲು ಒಂದು ಇಸಿಜಿ ಮಾಡಿಸಿ, ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ತೀರಿಕೊಂಡಿದ್ದರೆ ವೈದ್ಯರಿಗೆ ಹೇಳಿ. ಮುಂದಿನದನ್ನು ಅವರು ನೋಡುತ್ತಾರೆ. ಅಲ್ಲಿಯವರೆಗೆ ಒಬ್ಬನನ್ನೇ ಈಜಲು ಬಿಡಬೇಡಿ.

ಯೊಟಿಯಾವೊದ ಬಗ್ಗೆ ನಾನು ಒಂದು ಮಾತು ಸೇರಿಸಬೇಕಿತ್ತು. ಆ ಜೀನಿನಲ್ಲೇ ದೋಷವಿರುವ ಪ್ರಕರಣವೊಂದು 2007ರಲ್ಲಿ ವರದಿಯಾಗಿ, ದೀರ್ಘ ಕ್ಯೂಟಿಗೆ ಕಾರಣವಾದ ಜೀನುಗಳ ಪಟ್ಟಿಗೆ ಅದೂ ಸೇರಿತು. ಆದರೆ 2020ರಲ್ಲಿ ತಜ್ಞರು ಪಟ್ಟಿಯ ಎಲ್ಲ ಜೀನುಗಳ ಪುರಾವೆಯನ್ನು ಮತ್ತೆ ತೂಗಿ ನೋಡಿದಾಗ, ಇದರ ಪುರಾವೆ ಸಾಲದು ಎಂದರು. ಗೂಟ ಹೇಗೆ ಕೆಲಸ ಮಾಡುತ್ತದೆ ಎಂಬ ಪ್ರಯೋಗಗಳು ಗಟ್ಟಿ. ಆ ಗೂಟದ ಜೀನಿನಲ್ಲಿ ಒಂದು ಅಕ್ಷರ ಬದಲಾದರೆ ಮಗುವಿಗೆ ರೋಗ ಎಂದು ಹೇಳುವಷ್ಟು ಗಟ್ಟಿಯಲ್ಲ.

ಹೊಸನಗರದ ತಾಯಿ

ಸೋಮವಾರ ಇಸಿಜಿ ಮಾಡಿಸುತ್ತೇನೆ. ಉಪಕಾರವಾಯಿತು.

ಸಾಗರದ ತೋಟಿಗ

ಗೂಟದ ಹೋಲಿಕೆ ನನ್ನದೇ, ಆದರೆ ಅದರಲ್ಲಿ ಒಂದು ಕೊರತೆ ಕಾಣುತ್ತಿದೆ. ಸೈಕ್ಲಿಕ್ ಎಎಂಪಿ ಕೂತಾಗ ಕಾವಲು ತುಂಡು ಕೆಲಸದ ತುಂಡನ್ನು ಬಿಟ್ಟುಬಿಡುತ್ತದೆ ಎಂದಿರಿ. ಗೂಟಕ್ಕೆ ಕಟ್ಟಿರುವುದು ಕಾವಲು ತುಂಡನ್ನು. ಅಂದಮೇಲೆ ಕೆಲಸದ ತುಂಡು ಹಗ್ಗ ಬಿಚ್ಚಿದ ಹೋರಿಯಂತೆ ಎಲ್ಲಿಗಾದರೂ ಹೋಗಬಹುದಲ್ಲ! ಕಟ್ಟಿ ಏನು ಬಂತು?

ಉಂಬಳ

ತೋಟಿಗರು ನನ್ನ ಕೆಲಸ ಕಿತ್ತುಕೊಂಡರು.

ಶಂಕರಘಟ್ಟದ ಹಳೆಯ ವಿದ್ಯಾರ್ಥಿನಿ

ತೋಟಿಗರೇ, ನಮ್ಮ ಕ್ಷೇತ್ರದಲ್ಲಿ ಈಗಲೂ ಜನ ಮೇಜು ಕುಟ್ಟಿ ವಾದಿಸುವುದು ಇದರ ಬಗ್ಗೆಯೇ.

ಪಠ್ಯಪುಸ್ತಕ ಹೇಳುವುದು ನೀವು ಹೇಳಿದಂತೆಯೇ, ತುಂಡು ಬಿಚ್ಚಿ ತೇಲಿಹೋಗುತ್ತದೆ ಎಂದು. ಸ್ಕಾಟ್ ಅವರ ಗುಂಪು 2017ರಲ್ಲಿ ಇದನ್ನು ಒಪ್ಪಲಿಲ್ಲ. ಕೋಶದಲ್ಲಿ ಸಹಜವಾಗಿ ಇರುವಷ್ಟು ಸೈಕ್ಲಿಕ್ ಎಎಂಪಿಗೆ ಕೆಲಸದ ತುಂಡು ಪೂರ್ತಿ ಬೇರಾಗುವುದಿಲ್ಲ, ಕಾವಲು ತುಂಡಿನ ಉದ್ದನೆಯ ಬಳುಕುವ ಭಾಗದಿಂದ ತೂಗಾಡುತ್ತಾ ಸುತ್ತಲಿನ 15ರಿಂದ 25 ನ್ಯಾನೋಮೀಟರ್ ಒಳಗಿನದನ್ನು ಮಾತ್ರ ಮುಟ್ಟುತ್ತದೆ ಎಂದರು. ಎರಡು ತುಂಡುಗಳನ್ನೂ ಒಂದೇ ಎಳೆಯಾಗಿ ಬೆಸೆದು, ಬೇರಾಗಲು ಸಾಧ್ಯವೇ ಇಲ್ಲದಂತೆ ಮಾಡಿದ ಕೈನೇಸೂ ಕೆಲಸ ಮಾಡಿತು. 25 ನ್ಯಾನೋಮೀಟರ್ ಎಂದರೆ, ಹೃದಯದ ಸ್ನಾಯುಕೋಶದ ಉದ್ದವನ್ನು ನಾಲ್ಕು ಸಾವಿರ ಭಾಗ ಮಾಡಿದರೆ ಅದರಲ್ಲಿ ಒಂದು.

ನಿಮ್ಮ ಅಡಿಕೆ ಕೊನೆ, ಅಂದರೆ ಗೊಂಚಲು, ಕೊಯ್ಯುವವನನ್ನು ನೆನಪಿಸಿಕೊಳ್ಳಿ. ಕಾಲಿಗೆ ತಳೆ ಎಂಬ ಕುಣಿಕೆ ಹಾಕಿ ಹತ್ತುತ್ತಾನೆ, ಮೇಲೆ ಮರಕ್ಕೆ ತನ್ನನ್ನು ಭದ್ರ ಮಾಡಿಕೊಳ್ಳುತ್ತಾನೆ, ಕೈ ಚಾಚಿದಷ್ಟು ದೂರದ ಕೊನೆಯನ್ನು ಮಾತ್ರ ಕೊಯ್ಯುತ್ತಾನೆ. ಸ್ಕಾಟ್ ಅವರ ಕೈನೇಸ್ ಹಾಗೆ.

ಸಾಗರದ ತೋಟಿಗ

ಅಕ್ಕಾ, ಒಳ್ಳೆಯ ಕೊನೆಗಾರ ಒಂದು ಮರ ಮುಗಿಸಿ ಕೆಳಗೆ ಇಳಿಯುವುದೇ ಇಲ್ಲ. ಮೇಲಿನಿಂದಲೇ ಪಕ್ಕದ ಮರವನ್ನು ಎಳೆದುಕೊಂಡು ಅದಕ್ಕೆ ದಾಟುತ್ತಾನೆ. ನಮ್ಮ ತೋಟಕ್ಕೆ ಬರುವವನು ಬೆಳಿಗ್ಗೆ ಏಳಕ್ಕೆ ಹತ್ತಿದರೆ ಹತ್ತಾರು ಮರ ದಾಟಿ ತೋಟದ ಆ ತುದಿಯಲ್ಲಿ ಇಳಿಯುತ್ತಾನೆ. ಕೆಳಗೆ ನಿಂತವರಿಗೆ ಎದೆ ಝಲ್ಲೆನ್ನುತ್ತದೆ. ಅವನಿಗೆ ಅಡ್ರಿನಲಿನ್ ಇದೆಯೋ ಇಲ್ಲವೋ ಗೊತ್ತಿಲ್ಲ, ಮೇಲಿನಿಂದಲೇ ಎಲೆಯಡಿಕೆ ಕೇಳುತ್ತಾನೆ.

ಶಂಕರಘಟ್ಟದ ಹಳೆಯ ವಿದ್ಯಾರ್ಥಿನಿ

ಹಾಗಾದರೆ ನೀವು ಎದುರು ಪಕ್ಷದವರು! ಅದೇ ವರ್ಷ ಇನ್ನೊಂದು ಗುಂಪು ಹೇಳಿದ್ದು ಅದನ್ನೇ. ಅವರು ಅಂಗಾಂಶಗಳಲ್ಲಿ ತುಂಡುಗಳನ್ನು ಎಣಿಸಿದರು. ಕಾವಲು ತುಂಡುಗಳು ಕೆಲಸದ ತುಂಡುಗಳಿಗಿಂತ ಹಲವು ಪಟ್ಟು ಹೆಚ್ಚಿದ್ದವು. ಆದ್ದರಿಂದ ಕೆಲಸದ ತುಂಡು ನಿಜವಾಗಿಯೂ ಬಿಚ್ಚಿಕೊಳ್ಳುತ್ತದೆ, ಆದರೆ ದೂರ ಹೋಗುವ ಮೊದಲೇ ಪಕ್ಕದಲ್ಲಿ ಖಾಲಿ ನಿಂತಿರುವ ಕಾವಲು ತುಂಡು ಯಾವುದಾದರೂ ಅದನ್ನು ಹಿಡಿದುಬಿಡುತ್ತದೆ ಎಂದರು. ಮರ ದಾಟಬಹುದು, ಬಯಲಿಗೆ ಇಳಿಯುವಂತಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ ನಾನು ಎರಡನೆಯ ಗುಂಪಿನ ಕಡೆ ವಾಲುತ್ತೇನೆ. ಎರಡು ತುಂಡು ಬೆಸೆದ ಕೈನೇಸ್ ಕೆಲಸ ಮಾಡಿತು ಎಂದರೆ ಬಿಚ್ಚದೆಯೂ ಕೆಲಸ ಸಾಧ್ಯ ಎಂದಾಯಿತು, ಸಹಜ ಕೈನೇಸ್ ಬಿಚ್ಚುವುದಿಲ್ಲ ಎಂದಾಗಲಿಲ್ಲ. ನನ್ನ ಪಕ್ಕದ ಮೇಜಿನವನು ಇದನ್ನು ಒಪ್ಪುವುದಿಲ್ಲ, ಮಧ್ಯಾಹ್ನದ ಊಟ ಹಲವು ಸಲ ಇದರಲ್ಲೇ ತಣ್ಣಗಾಗಿದೆ.

ಉಂಬಳ

ಕೊನೆಯ ಕಚ್ಚು. ಕಾಲರಾದಲ್ಲಿ ಕರುಳಿನ ಕೋಶಗಳಲ್ಲಿ ಸೈಕ್ಲಿಕ್ ಎಎಂಪಿ ಉಕ್ಕಿಹರಿಯುತ್ತದೆ ಎಂದು ಓದಿದ್ದೇನೆ. ಅಲ್ಲಿ ನಿಮ್ಮ ಬಸಿಗಾಲುವೆ ಎಲ್ಲಿ ಹೋಯಿತು?

ಎದೆಬಡಿತ

ಇದಕ್ಕೆ ನಾನೇ ಉತ್ತರಿಸುತ್ತೇನೆ. ಕಾಲರಾದ ವಿಷ ಕೋಶಪೊರೆಯ ಒಳಮೈಯಲ್ಲಿದ್ದು ಸೈಕ್ಲಿಕ್ ಎಎಂಪಿ ಹುಟ್ಟಿಸಲು ಆಜ್ಞೆ ಕೊಡುವ ಜಿ ಪ್ರೋಟೀನನ್ನು ತೆರೆದ ಸ್ಥಿತಿಯಲ್ಲೇ ಬೀಗ ಹಾಕಿಬಿಡುತ್ತದೆ. ಮಳೆ ನಿಲ್ಲುವುದೇ ಇಲ್ಲ, ಯಾವ ಕಾಲುವೆಯೂ ಅದನ್ನು ಬಸಿಯಲಾರದು. ಕರುಳಿನ ಕೋಶದ ಮೇಲ್ಮೈಯಲ್ಲಿ ಕ್ಲೋರೈಡ್ ಬಾಗಿಲಿನ ಬಳಿ ಕಟ್ಟಿರುವ ಕೈನೇಸ್ ಬಾಗಿಲನ್ನು ತೆರೆದೇ ಇಡುತ್ತದೆ. ಉಪ್ಪು ಹೊರಗೆ, ಅದರ ಹಿಂದೆ ನೀರು ಹೊರಗೆ. ಅದೃಷ್ಟಕ್ಕೆ ಸಕ್ಕರೆ ಮತ್ತು ಸೋಡಿಯಂ ಒಟ್ಟಿಗೆ ಒಳಗೆ ಹೋಗುವ ದಾರಿ ಬೇರೆಯೇ ಇದೆ, ಕಾಲರಾ ಅದನ್ನು ಮುಟ್ಟುವುದಿಲ್ಲ. ಓಆರ್‌ಎಸ್ ಪುಡಿ ಜೀವ ಉಳಿಸುವುದು ಆ ದಾರಿಯಿಂದ.

ಉಂಬಳ

ಉಪ್ಪು ಹಾಕಿದಿರಿ. ಬಿಟ್ಟು ಬಿದ್ದೆ.

ತುಂಗಾತೀರದ ಮೇಷ್ಟರು

ಎಲ್ಲರಿಗೂ ನಮಸ್ಕಾರ. ನಿನ್ನೆ ತರಗತಿಯಲ್ಲಿ ಒಂದು ಗಂಟೆ ಇದನ್ನೇ ಹೇಳಿದೆ. ಹಲಗೆಯ ಮೇಲೆ ದೊಡ್ಡ ಕೋಶ ಬರೆದು ಗೂಟ ನೆಟ್ಟೆ, ಪಕ್ಕದಲ್ಲಿ ಬಸಿಗಾಲುವೆ ತೋಡಿದೆ. ಅಡಿಕೆ ತೋಟದ ಮನೆಯ ಮಕ್ಕಳಿಗೆ ನಾನು ವಿವರಿಸುವುದು ಉಳಿದಿರಲಿಲ್ಲ. ಒಬ್ಬ ಹುಡುಗ ಕಾಲುವೆಯ ಇಳಿಜಾರು ತಪ್ಪಾಗಿದೆ ಎಂದು ಎದ್ದು ಬಂದು ಚಿತ್ರವನ್ನೇ ತಿದ್ದಿದ.

ಆ ಹುಡುಗಿ ಮಾತ್ರ ಸುಮ್ಮನಾಗಲಿಲ್ಲ. "ಕೈನೇಸಿಗೆ ಜಾಗ ತೋರಿಸುವುದು ಗೂಟ, ಗೂಟಕ್ಕೆ ಜಾಗ ತೋರಿಸಿದ್ದು ಯಾರು ಸರ್?" ಎಂದಳು. ಪಠ್ಯಕ್ರಮದಲ್ಲಿಲ್ಲ ಎನ್ನಲಿಲ್ಲ. ನಾಳೆ ಹೇಳುತ್ತೇನೆ ಎಂದು ಬಂದಿದ್ದೇನೆ.

ಶಂಕರಘಟ್ಟದ ಹಳೆಯ ವಿದ್ಯಾರ್ಥಿನಿ

ನಾಳೆಗೆ ಇಷ್ಟು ಸಾಕು. ಪ್ರತಿ ಗೂಟದ ಮೈಯಲ್ಲೂ ಅದರ ವಿಳಾಸ ಬರೆದಿರುತ್ತದೆ. ಎ-ಕ್ಯಾಪ್79ರ ಒಂದು ತುದಿಯಲ್ಲಿ ಧನ ವಿದ್ಯುದಂಶದ ಅಮೈನೋ ಆಮ್ಲಗಳ ಗುಂಪುಗಳಿವೆ, ಅವು ಕೋಶಪೊರೆಯ ಒಳಮೈಯ ಋಣ ವಿದ್ಯುದಂಶದ ಕೊಬ್ಬಿಗೆ ಅಂಟುತ್ತವೆ. ಅದರ ಜೊತೆಗೆ ಒಂದು ಕೊಬ್ಬಿನಾಮ್ಲದ ಬಾಲವನ್ನೂ ಕೋಶ ಅದಕ್ಕೆ ಹೊಲಿಯುತ್ತದೆ. ಮೈಟೊಕಾಂಡ್ರಿಯದ ಎ-ಕ್ಯಾಪ್1ರ ಆರಂಭದಲ್ಲೇ ಮೈಟೊಕಾಂಡ್ರಿಯಕ್ಕೆ ಹೋಗು ಎನ್ನುವ ಅಕ್ಷರಗಳಿವೆ. ಎಂ-ಎಕ್ಯಾಪ್ ಕೋಶಕೇಂದ್ರದ ಹೊದಿಕೆಯಲ್ಲಿರುವ ನೆಸ್ಪ್ರಿನ್ ಎಂಬ ಪ್ರೋಟೀನನ್ನು ಹುಡುಕಿ ಹಿಡಿದುಕೊಳ್ಳುತ್ತದೆ. ನೆಸ್ಪ್ರಿನಿಗೆ ಜಾಗ ತೋರಿಸಿದ್ದು ಯಾರು ಎಂದು ಅವಳು ಕೇಳುತ್ತಾಳೆ, ಸಿದ್ಧವಾಗಿರಿ.

ದೀಪಾವಳಿಗೆ ಊರಿಗೆ ಬರುತ್ತೇನೆ. ಕಾಲೇಜು ತೆರೆದಿದ್ದರೆ ಒಂದು ಹಾಳೆ, ನಾಲ್ಕು ಜೆಲ್ ಚಿತ್ರ ತರುತ್ತೇನೆ. ಅವಳೊಡನೆ ಮಾತಾಡಬೇಕು.

ತುಂಗಾತೀರದ ಮೇಷ್ಟರು

ದೀಪಾವಳಿಯ ಮರುವಾರ ಬನ್ನಿ. ಹಬ್ಬದ ವಾರ ಅರ್ಧ ತರಗತಿ ಅಡಿಕೆ ಸುಲಿಯಲು ಹೋಗಿರುತ್ತದೆ.

ಪದಪರೀಕ್ಷಕ

"ಗೂಟ ಪ್ರೋಟೀನ್" ಎಂದು ಬರೆಯುವಾಗ ಎರಡು ಪದವಾಗಿ ಬಿಡಿಸಿ ಬರೆಯಿರಿ, ದಯವಿಟ್ಟು.